ಟ್ಯಾಂಕರ್ ನೀರು, ತಲೆಗೂದಲು

ಮಹದೇವಪುರದ ಪಿಜಿಗಳಲ್ಲಿ ಈ ಮಾತು ಕೇಳದವರಿಲ್ಲ: "ಬೋರ್‌ವೆಲ್ ನೀರಿಗೆ ಕೂದ್ಲೆಲ್ಲ ಉದುರ್ತಿದೆ." ಪಾಪ, ನೀರಿನ ಮೇಲೆ ಆರೋಪ ಸ್ವಲ್ಪ ಜಾಸ್ತಿಯೇ ಆಯ್ತು.

2007ರಲ್ಲಿ ಬಿಬಿಎಂಪಿಗೆ 110 ಹಳ್ಳಿಗಳು ಸೇರಿದವು, ಈ ವಲಯದ ಹಳ್ಳಿಗಳೂ ಅದರಲ್ಲಿದ್ದವು. ಅವುಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ! ನಡುವೆ ಬಹುಪಾಲು ಬೋರ್‌ವೆಲ್, ಟ್ಯಾಂಕರ್. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಡ್ಡು ಕಟ್ಟುತ್ತೆ. ಕೂದಲು ಒರಟಾಗುತ್ತೆ, ಚರ್ಮ ಒಣಗುತ್ತೆ, ತುರಿಸುತ್ತೆ. ಅಜ್ಜಿಯರ ಸೀಗೆಕಾಯಿಗೆ ಈ ಜಿಡ್ಡಿನ ತಾಪತ್ರಯ ಇರಲಿಲ್ಲ.

ಆದರೆ ಹುಡುಗರ ಹಣೆಯಂಚು ಹಿಂದೆ ಸರಿಯೋದು ಬೇರೆ ಕಥೆ. ಅದು ವಂಶವಾಹಿ ಮತ್ತು ಡಿಎಚ್‌ಟಿ ಹಾರ್ಮೋನ್ ಕೆಲಸ. ಮದ್ದು ಸಿಕ್ಕಿದ್ದೂ ಆಕಸ್ಮಿಕವಾಗಿ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ನುಂಗಿದವರಿಗೆ ಬೇಡದ ಕಡೆಯೆಲ್ಲ ಕೂದಲು ಬಂತು. 1988ರಲ್ಲಿ ಅಮೆರಿಕ ಅದನ್ನು ತಲೆಗೆ ಹಚ್ಚುವ ಔಷಧವಾಗಿ ಒಪ್ಪಿತು. ಹಚ್ಚೋದು ನಿಲ್ಲಿಸಿದರೆ ಬಂದ ಕೂದಲು ಮತ್ತೆ ಹೋಗುತ್ತೆ. ಹೊಸ ಬೇರು ಅದು ಹುಟ್ಟಿಸಲ್ಲ. ಹಾಗಾಗಿ ಶವರ್ ಫಿಲ್ಟರ್ ಬದಲಾಯಿಸುತ್ತ ಎರಡು ವರ್ಷ ಕಳೆದು ಚರ್ಮವೈದ್ಯರ ಹತ್ತಿರ ಹೋದರೆ, ಉಳಿಸೋಕೆ ಇರೋ ಕೂದಲು ಅಷ್ಟು ಕಮ್ಮಿ.