ಹಳೆಯ ಜಾವಾ: ಜೀರ್ಣೋದ್ಧಾರವೂ ಇತಿಹಾಸವೂ

ಆಧಾರಸಾಮಗ್ರಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ಶಿಲಾಶಾಸನ, ತಾಮ್ರಪಟ, ಕಡತಗಳು ನೆನಪಿಗೆ ಬರುವುವು. ಯಂತ್ರಯುಗದ ಚರಿತ್ರೆಗಾದರೋ ಯಂತ್ರಗಳೂ ಆಧಾರಗಳೇ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಜೀರ್ಣೋದ್ಧಾರಕ್ಕೆಂದೇ ಕೊಳ್ಳುವವರು ಇಂದು ಅನೇಕರಿದ್ದಾರೆ. ಅವರು ಉಳಿಸಬೇಕಾದುದು ಏನು ಎಂಬುದನ್ನು ಇಲ್ಲಿ ವಿವೇಚಿಸಬಹುದು.

ಜಾವಾ ಮೂಲತಃ ಚೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಸ್ವಾತಂತ್ರ್ಯಾನಂತರ ಆಮದಿಗೆ ನಿರ್ಬಂಧ ಬಿದ್ದುದರಿಂದ, ಈ ವಾಹನಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದರು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಪೇಟೆಗೆ ಮರಳಿತಾದರೂ ಆ ವಾಹನಗಳು ಬೇರೆ ಎಂಜಿನ್ನಿನವು, ಮೈಸೂರಿನಲ್ಲಿ ಆದವಲ್ಲ.

ಮೈಸೂರು ಜಾವಾದ ರಚನೆಯೇ ಅದರ ದೀರ್ಘಾಯುಷ್ಯಕ್ಕೆ ಕಾರಣ. 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಬೇಕು. ಒದ್ದು ಎಂಜಿನ್ ಚಾಲೂ ಮಾಡುವ ಕಿಕ್ಕರೇ ಆಮೇಲೆ ತಿರುಗಿ ಗೇರ್ ಲಿವರ್ ಆಗುವುದು. ವಾಲ್ವುಗಳ ಜಟಿಲತೆ ಇಲ್ಲದಿರುವುದರಿಂದ ಸಣ್ಣ ಊರಿನ ಮೆಕ್ಯಾನಿಕ್ಕನೂ ಇದನ್ನು ಬಿಚ್ಚಿ ಜೋಡಿಸಬಲ್ಲವನಾದನು. ಆದುದರಿಂದ ಈ ಯಂತ್ರದ ಚರಿತ್ರೆ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಹಳ್ಳಿಯ ದುರಸ್ತಿ ಅಂಗಡಿಗಳಲ್ಲಿಯೂ ಮುಂದುವರಿಯುವುದು.

ಕೊಳ್ಳುವವನು ಹೊಳಪಿಗಿಂತ ಮೊದಲು ನೋಡಬೇಕಾದುದು ಅಂಕಿಗಳನ್ನು. ಎಂಜಿನ್ನಿನ ಮೇಲಿನ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ನೋಂದಣಿ ಪುಸ್ತಕದೊಡನೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎರಡು ಮೂರು ವಾಹನಗಳ ಅವಯವಗಳು ಕೂಡಿರುವ ಸಂಭವವುಂಟು. ಪ್ರತಿಗಳು ಬೆರೆತ ಓಲೆಗ್ರಂಥದಂತೆ ಅದನ್ನು ಪರೀಕ್ಷಿಸಬೇಕು. ನೋಂದಣಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರಿಂದಲೇ ವರ್ಗಾವಣೆ ಆಗಬೇಕು. 'ಎಂ.ವೈ.' ಎಂದು ಆರಂಭವಾಗುವ ಹಳೆಯ ಫಲಕ, 1973ರಲ್ಲಿ ಕರ್ನಾಟಕವಾದ ಮೈಸೂರು ರಾಜ್ಯದ ಹೆಸರನ್ನು ಹೊತ್ತಿರುವ ಕುರುಹು. ಅದನ್ನು ಕಿತ್ತೊಗೆಯುವುದು ಸಲ್ಲದು.

ಬಳಕೆಯ ಗುರುತುಗಳಿಗೂ ಬೆಲೆಯುಂಟು. ಸಾಗರ ತಾಲ್ಲೂಕಿನ ತುಮರಿಯನ್ನು ಉದಾಹರಿಸಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಆವರಿಸಿದ ಮೇಲೆ ಈ ಸೀಮೆಯವರು ಸಾಗರಕ್ಕೆ ಹೋಗಲು ಲಾಂಚನ್ನೇ ಅವಲಂಬಿಸಿದರು; ವಾಹನಗಳೂ ಅದರಲ್ಲಿಯೇ ಹೊಳೆ ದಾಟುತ್ತಿದ್ದವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದುದು 2025ರ ಜುಲೈ 14ರಂದು. ಇಂಥ ಊರಿನಲ್ಲಿ ದೊರೆತ ಹಳೆಯ ಜಾವಾದ ಬೆಸುಗೆ, ಬದಲಿ ಬೋಲ್ಟು, ಮಳೆಗೆ ಹಿಡಿದ ತುಕ್ಕು ಇವೆಲ್ಲವೂ ಬಿಡಿಭಾಗಗಳ ಪೇಟೆಯಿಂದ ದೂರವಿದ್ದ ಬಾಳಿನ ಸಾಕ್ಷ್ಯಗಳು. ತುಕ್ಕನ್ನು ತಡೆಯಲೇಬೇಕು, ಆದರೆ ತಡೆಯುವ ಮುನ್ನ ದಾಖಲಿಸಬೇಕು.

ದೇವಾಲಯಗಳ ಜೀರ್ಣೋದ್ಧಾರದಲ್ಲಿ ಶಾಸನಗಳ ಮೇಲೆ ಸುಣ್ಣ ಬಳಿದುದನ್ನು ಕಂಡು ನಾವು ಮರುಗುತ್ತೇವೆ. ಮೂಲ ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದು, ನಕಲಿ ಟ್ಯಾಂಕು ಕೂರಿಸಿ, ಹೊಸದಕ್ಕಿಂತ ಹೊಸದಾಗಿ ಮಾಡುವ ರೂಢಿಯೂ ಅದೇ ಬಗೆಯದು. ಕಾನೂನೂ ಈ ವಿಷಯದಲ್ಲಿ ಎಚ್ಚರಿಕೆ ನೀಡಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ 'ವಿಂಟೇಜ್' ಎನಿಸಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿದ್ದರೆ ಸಾಲದು. ವಾಹನವು ಮೂಲರೂಪದಲ್ಲಿಯೂ ಇರಬೇಕು, ಚಾಸಿ ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ಹೀಗಾಗಿ ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆಯುವುದು, ಬದಲಿಸಿದ ಭಾಗವನ್ನು ಚೀಟಿ ಕಟ್ಟಿ ಇಡುವುದು, ಯಾವುದು ಮೂಲ ಯಾವುದು ಹೊಸತು ಎಂಬುದನ್ನು ಬರೆದಿಡುವುದು ಅವಶ್ಯಕ. ಕಾಲೇಜಿನ ಇತಿಹಾಸ ಸಂಘಗಳು ಈ ಕಾರ್ಯದಲ್ಲಿ ನೆರವಾಗಬಹುದು. ಕಾರ್ಖಾನೆಯಲ್ಲಿ ದುಡಿದವರ, ಹಳೆಯ ಮೆಕ್ಯಾನಿಕ್ಕರ ಅನುಭವವನ್ನು ಕೇಳಿ ಬರೆದುಕೊಳ್ಳುವುದು ಇದಕ್ಕಿಂತಲೂ ಜರೂರಾದ ಕೆಲಸ. ಬಿಡಿಭಾಗವನ್ನು ಮತ್ತೆ ಎರಕ ಹೊಯ್ಯಬಹುದು. ಅವರೊಡನೆ ಹೋಗುವ ತಿಳಿವಳಿಕೆಯನ್ನು ಮತ್ತೆ ಪಡೆಯಲಾಗದು.