ಪೊರಿಗೆರೆಯ ಆಚಾರವ್ಯವಸ್ಥೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಪ್ರಾಚೀನಕಾಲದಲ್ಲಿ ಪೊರಿಗೆರೆ, ಪುಲಿಗೆರೆ ಎಂಬ ಹೆಸರುಗಳಿಂದ ವಿಖ್ಯಾತವಾಗಿದ್ದಿತು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿರುವುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಈ ಊರಿನ ಹೆಸರು ಸುಪರಿಚಿತವಾಗಿದೆ. ಆದರೆ ಪಂಪನಿಗಿಂತ ಎರಡು ಶತಮಾನಗಳಷ್ಟು ಹಿಂದೆ ಅಲ್ಲಿಯ ಕಂಬವೊಂದರಲ್ಲಿ ಕೊರೆಯಿಸಿದ ಶಾಸನವು ಭಾಷಾಜ್ಞರ ಗಮನವನ್ನು ಸೆಳೆದಷ್ಟು ರಾಜನೀತಿಯನ್ನು ವಿಚಾರಿಸುವವರ ಗಮನವನ್ನು ಸೆಳೆದಿಲ್ಲ. ಚಾಲುಕ್ಯ ವಿಜಯಾದಿತ್ಯನ (696–733) ಮಗನಾದ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದಾಗ, ಸುಮಾರು 725ರಲ್ಲಿ, ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯೇ ಆ ಶಾಸನದ ವಸ್ತು. ಬಾರ್ನೆಟ್ಟರು ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಪ್ರಕಟಿಸಿದರು.

ನಮ್ಮ ಪೂರ್ವಿಕರ ಊರಾಳ್ವಿಕೆಯನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಗ್ರಾಮಗಳು ಚಿಕ್ಕ ಗಣರಾಜ್ಯಗಳು, ಅರಸುಗಳು ಬಂದರೂ ಹೋದರೂ ಅವುಗಳಿಗೆ ಅದರ ಸೋಂಕಿಲ್ಲ ಎಂಬುದು ಮೆಟ್‌ಕಾಫನು 1830ರಲ್ಲಿ ಬರೆದ ಟಿಪ್ಪಣಿಯಿಂದ ಹಬ್ಬಿದ ಮತ. ಅಧಿಕಾರವೆಲ್ಲವೂ ಅರಮನೆಯದು, ಊರವರ ಕೂಟವು ಕರವೆತ್ತುವ ಉಪಕರಣ ಮಾತ್ರ ಎಂಬುದು ಇನ್ನೊಂದು. ಮೊದಲನೆಯದು ನಮ್ಮ ಅಭಿಮಾನಕ್ಕೆ ಹಿತವಾದುದರಿಂದ ಅದನ್ನು ಪರೀಕ್ಷಿಸದೆ ಒಪ್ಪಿದವರೇ ಹೆಚ್ಚು. ಪೊರಿಗೆರೆಯ ಕಂಬವು ಈ ಎರಡಕ್ಕೂ ಒಗ್ಗುವುದಿಲ್ಲ.

ವ್ಯವಸ್ಥೆಯನ್ನು ಕೊಡುವವನು ಯುವರಾಜನೆಂಬುದು ನಿಜ. ಆದರೆ ಅದರ ಕಟ್ಟು ಮೊದಲು ಬೀಳುವುದು ಅವನ ಆಳುಗಳ ಮೇಲೆಯೇ. ಒಕ್ಕಲಿಲ್ಲದ ಮನೆಗಳು, ರಾಜದತ್ತಿ, ರಾಜಾಜ್ಞೆ, ಸಜ್ಜನರ ಪ್ರಮಾಣವಚನ, ನಡೆದುಬಂದ ಮರ್ಯಾದೆ, ತಾಮ್ರಶಾಸನ, ಅನುಭವಿಸಿಕೊಂಡು ಬಂದ ಭೂಮಿಕಾಣಿಗಳ ಭುಕ್ತಿ, ಇವನ್ನು ರಾಜಪುರುಷರು ಕಾಪಾಡತಕ್ಕದ್ದೆಂದು ವಿಧಿಸಲಾಗಿದೆ. ಅನಂತರ ಊರವರ ಸರದಿ ಬರುತ್ತದೆ. ಮನೆಗಳನ್ನು ಉತ್ತಮ, ಮಧ್ಯಮವೇ ಮೊದಲಾದ ತರಗಳಾಗಿ ವಿಂಗಡಿಸಿ, ಶಕ್ತಿಗೆ ತಕ್ಕಂತೆ ಇಷ್ಟಿಷ್ಟು ಪಣಗಳ ತೆರಿಗೆಯನ್ನು ವೈಶಾಖಮಾಸದಲ್ಲಿ ದೇಶಾಧಿಪತಿಗಳಿಗೆ ಸಲ್ಲಿಸಬೇಕು. ಕಳವಿನ ದಂಡ, ಸಣ್ಣ ತಪ್ಪುಗಳ ದಂಡ, ದಶಾಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು, ಇವೆಲ್ಲವೂ ಕಾರ್ತಿಕಮಾಸದಲ್ಲಿ ಅಲ್ಲಿಯ ಶ್ರೇಣಿಗೆ ಸಲ್ಲತಕ್ಕವು.

ಈ ಕೊನೆಯ ಅಂಶವನ್ನು ಇನ್ನಷ್ಟು ವಿಚಾರಿಸಬೇಕಾಗಿದೆ. ಉತ್ತರಾಧಿಕಾರಿಗಳಿಲ್ಲದವನ ಧನವು ಕಡೆಗೆ ಅರಸನ ಭಂಡಾರವನ್ನು ಸೇರುವುದು ಧರ್ಮಶಾಸ್ತ್ರದ ಸಾಮಾನ್ಯ ನಿಯಮ. ಶಾಕುಂತಲದ ಆರನೆಯ ಅಂಕದಲ್ಲಿ ಸಮುದ್ರವ್ಯಾಪಾರಿಯಾದ ಧನಮಿತ್ರನು ಮಕ್ಕಳಿಲ್ಲದೆ ಮಡಿದಾಗ, ಅವನ ಧನವು ರಾಜಗಾಮಿಯೆಂದು ಅಮಾತ್ಯನು ಬರೆದು ಕಳುಹಿಸುವುದನ್ನು ಆ ನಾಟಕವನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ದುಷ್ಯಂತನು ಅದನ್ನು ಬಿಟ್ಟುಕೊಟ್ಟದ್ದು ಕರುಣೆಯಿಂದ. ಪೊರಿಗೆರೆಯಲ್ಲಿ ಬಿಟ್ಟುಕೊಟ್ಟದ್ದು ಕರುಣೆಯಿಂದಲ್ಲ, ಬರೆವಣಿಗೆಯಿಂದ. ಮುಂದಿನ ಅಧಿಕಾರಿಯೂ ಅದಕ್ಕೆ ಕಟ್ಟುಬಿದ್ದವನೇ. ದಂಡದ ಹಣದ ವಿಷಯವೂ ಹೀಗೆಯೇ. ತಪ್ಪನ್ನು ದಂಡಿಸುವ ಹಕ್ಕು ಅರಸುತನದ ಮುಖ್ಯಲಕ್ಷಣವೆಂದು ನೀತಿಶಾಸ್ತ್ರಗಳು ಸಾರುವಾಗ, ಆ ದಂಡದ ಆದಾಯವನ್ನು ಊರಿನ ಸಂಘಕ್ಕೆ ಒಪ್ಪಿಸಿದುದು ಸಾಮಾನ್ಯವಾದ ಮಾತಲ್ಲ. ಸ್ವಂತ ಬೊಕ್ಕಸವಿಲ್ಲದ ಸಂಘಕ್ಕೆ ಕರ್ತವ್ಯಗಳನ್ನು ಹೊರಿಸುವುದು ವ್ಯರ್ಥವೆಂಬುದನ್ನು ಯುವರಾಜನ ಮಂತ್ರಿಗಳು ಅರಿತಿದ್ದಿರಬೇಕು. 1882ರಲ್ಲಿ ರಿಪ್ಪನ್ನನು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದಾಗಲೂ ಆದಾಯದ ಪ್ರಶ್ನೆಯೇ ಮುಂದೆ ನಿಂತಿತು.

ಹದಿನೆಂಟು ಪ್ರಕೃತಿಗಳೆಂಬ ಮಾತೂ ವಿಚಾರಾರ್ಹವಾದುದು. ಸ್ವಾಮಿ, ಅಮಾತ್ಯ ಮೊದಲಾದ ಏಳು ರಾಜ್ಯಾಂಗಗಳಿಗೆ ಪ್ರಕೃತಿಯೆಂದು ಹೆಸರಿರುವುದು ಸರ್ವವಿದಿತ. ಅಮರಸಿಂಹನು ಅವುಗಳನ್ನು ಹೇಳಿದೊಡನೆಯೇ ಪೌರರ ಶ್ರೇಣಿಗಳಿಗೂ ಅದೇ ಹೆಸರು ಸಲ್ಲುವುದೆಂದು ಸೇರಿಸುತ್ತಾನೆ. ಕಸಬುದಾರರ ಕೂಟಗಳನ್ನು ರಾಜ್ಯದ ಅಂಗಗಳೊಡನೆ ಒಂದೇ ಶಬ್ದದಿಂದ ಕರೆದ ಕೋಶಕಾರನ ಮನಸ್ಸಿನಲ್ಲಿ ಅರಮನೆಗೂ ಪೇಟೆಗೂ ನಡುವೆ ಗೋಡೆಯಿರಲಿಲ್ಲ.

ಶಾಸ್ತ್ರದ ಬೆಂಬಲವೂ ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ಸಂವಿದ್ವ್ಯತಿಕ್ರಮ ಪ್ರಕರಣವು ಜನರು ಮಾಡಿಕೊಂಡ ಸಮಯಧರ್ಮವನ್ನೂ ಅರಸನು ವಿಧಿಸಿದ ಧರ್ಮವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡನ್ನೂ ಕಾಪಾಡಬೇಕೆನ್ನುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದಕ್ಕೆ ಕೊಡುವ ಉದಾಹರಣೆಗಳು ಸ್ವಾರಸ್ಯವಾಗಿವೆ. ಗೋಮಾಳ, ನೀರು, ದೇವಾಲಯ, ಇವುಗಳ ರಕ್ಷಣೆ ಮೊದಲನೆಯ ವರ್ಗಕ್ಕೆ ಸೇರಿದ್ದು; ದಾರಿಗರಿಗೆ ಅನ್ನವಿಡುವುದು, ಶತ್ರುಮಂಡಲಕ್ಕೆ ಕುದುರೆಗಳನ್ನು ಕಳುಹಿಸದಿರುವುದು ಎರಡನೆಯದಕ್ಕೆ. ಕೆರೆಯ ನೀರು ಊರಿನದು, ಗಡಿಯ ಕುದುರೆ ಅರಸನದು.

ಇಂತಹ ವ್ಯವಸ್ಥೆಯು ಅರಸುಗಳ ಏಳುಬೀಳುಗಳನ್ನು ಲೆಕ್ಕಿಸದೆ ನಿಲ್ಲುತ್ತಿತ್ತೆಂದು ಭಾವಿಸಲಾಗದು. ಗದಗ ಜಿಲ್ಲೆಯದೇ ಆದ ಸೂಡಿಯ ಶಾಸನವೊಂದು ಇದಕ್ಕೆ ಸಾಕ್ಷಿ. ಹನ್ನೊಂದನೆಯ ಶತಮಾನದ ನಡುವೆ ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಅಲ್ಲಿಯ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಮರ್ಯಾದೆಯು ಕೆಟ್ಟುಹೋಗಿತ್ತು. ಮೆಟ್‌ಕಾಫನ ಮತ ನಿಜವಾಗಿದ್ದರೆ ಅವರು ಅದನ್ನು ತಾವೇ ಎತ್ತಿ ನಿಲ್ಲಿಸಿಕೊಳ್ಳುತ್ತಿದ್ದರು. ಹಾಗಾಗಲಿಲ್ಲ. ಕಿಸುಕಾಡನ್ನು ಆಳುತ್ತಿದ್ದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಡಳಿತದಲ್ಲಿ ಅದು ಮತ್ತೆ ಊರ್ಜಿತವಾಯಿತು. ಮರಳಿ ಪಡೆದವರು ಆ ಎಂಟು ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ.