ವೈದ್ಯಶಾಸ್ತ್ರದ ಶಾಖೆಗಳೂ ವೈದ್ಯನ ಮೇರೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಗೌರವದ ಸ್ಥಾನವಿದೆ. ಬಸದಿಗಳ ಟ್ರಸ್ಟುಗಳು ಚಿಕಿತ್ಸಾಲಯಗಳನ್ನು ತೆರೆದಿವೆ; ಉಚಿತ ತಪಾಸಣಾ ಶಿಬಿರಗಳನ್ನು ನಡೆಸುತ್ತಿವೆ. ಶಿಬಿರದ ಫಲಕದಲ್ಲಿ 'ಹೃದ್ರೋಗ ತಜ್ಞರು', 'ಮೂತ್ರಪಿಂಡ ತಜ್ಞರು' ಎಂದು ಬರೆಯಿಸುವಾಗ ಆ ಹೆಸರಿನ ಅರ್ಥವೇನು, ಅದನ್ನು ಧರಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ನಾವು ವಿಚಾರಿಸುತ್ತೇವೆಯೆ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಭಾರತೀಯ ವೈದ್ಯಪರಂಪರೆಯು ಕಾಯಚಿಕಿತ್ಸೆ, ಶಲ್ಯ, ಶಾಲಾಕ್ಯ, ಬಾಲಚಿಕಿತ್ಸೆ, ಗ್ರಹಚಿಕಿತ್ಸೆ, ವಿಷತಂತ್ರ, ರಸಾಯನ, ವಾಜೀಕರಣ ಎಂಬ ಎಂಟು ಅಂಗಗಳನ್ನು ಗುರುತಿಸಿತ್ತು. ಜೈನ ಪರಂಪರೆಯಲ್ಲಿ ಈ ವಿದ್ಯೆಗೆ ಪ್ರಾಣಾವಾಯ ಪೂರ್ವವೇ ಮೂಲವೆಂಬ ನಂಬಿಕೆಯಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ಗ್ರಂಥವಾದ 'ಕಲ್ಯಾಣಕಾರಕ'ದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವ ರೀತಿ ಇಲ್ಲಿ ಗಮನಾರ್ಹ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳು, ವಿಷ ಮತ್ತು ಗ್ರಹಬಾಧೆಗಳ ಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರುಗಳು, ಶಿಶುಚಿಕಿತ್ಸೆಗೆ ಮೇಘನಾದರು, ವಾಜೀಕರಣ ರಸಾಯನಗಳಿಗೆ ಸಿಂಹನಾದರು ಎಂದು ಒಬ್ಬೊಬ್ಬರನ್ನು ಒಂದೊಂದು ಅಂಗದೊಡನೆ ಹೆಸರಿಸುತ್ತಾರೆ. ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದವರೆಂದು ಅವರು ಸ್ಮರಿಸುವುದು ಸಮಂತಭದ್ರರನ್ನು. ಹಿರಿಯರೆಲ್ಲರಿಗೂ ಒಟ್ಟಾಗಿ ವಂದಿಸಿ ಮುಂದೆ ಸಾಗದೆ, ಯಾವ ವಿಷಯದಲ್ಲಿ ಯಾರ ಮಾತು ಪ್ರಮಾಣವೆಂಬುದನ್ನು ಗುರುತಿಸಿದ ಈ ಎಚ್ಚರವೇ ಶಾಖಾಭೇದದ ಮರ್ಮ. 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಈ ಗ್ರಂಥವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮಕ್ಕಾಗಿ ಪ್ರಸಿದ್ಧವಾಗಿದೆ; ಈ ಗುಣಕ್ಕಾಗಿಯೂ ಅದನ್ನು ನಾವು ನೆನೆಯಬೇಕು.

ಕನ್ನಡದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ವು ವೈದ್ಯವನ್ನು ವ್ಯಾಪಕವಾಗಿ ನಿರೂಪಿಸಿದರೆ, ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷವೈದ್ಯವೊಂದಕ್ಕೇ ಮೀಸಲಾಗಿದೆ. ಚಾಳುಕ್ಯ ರಾಜವಂಶದ ಕೀರ್ತಿವರ್ಮನು ಗೋವುಗಳ ಚಿಕಿತ್ಸೆಯನ್ನೇ ವಸ್ತುವಾಗಿಸಿಕೊಂಡು 'ಗೋವೈದ್ಯ'ವನ್ನು ರಚಿಸಿದನು.

ಶಾಖೆಯೆಂದರೆ ಆಳವಾದ ಜ್ಞಾನ ಮಾತ್ರವಲ್ಲ, ಮೇರೆಯ ಅರಿವೂ ಹೌದು. ಚರಕಸಂಹಿತೆಯು ಗುಲ್ಮರೋಗದ ಚಿಕಿತ್ಸೆಯನ್ನು ವಿವರಿಸುತ್ತ, ಗುಲ್ಮವು ಪಕ್ವವಾದ ಮೇಲೆ ಅಲ್ಲಿ ಅಧಿಕಾರವಿರುವುದು ಶಸ್ತ್ರಚಿಕಿತ್ಸೆಯಲ್ಲಿ ನುರಿತ ಧಾನ್ವಂತರೀಯರಿಗೆ ಎಂದು ಹೇಳಿ ರೋಗಿಯನ್ನು ಅವರಿಗೆ ಒಪ್ಪಿಸುತ್ತದೆ. ಕಾಯಚಿಕಿತ್ಸೆಯ ಮಹಾಗ್ರಂಥವೇ 'ಇದು ನಮ್ಮ ಅಧಿಕಾರದ ಆಚೆಗಿನದು' ಎಂದು ಒಪ್ಪಿಕೊಂಡಂತಾಯಿತು.

ಆ ಕಾಲದಲ್ಲಿ ಈ ಮೇರೆಯನ್ನು ಕಾಯುತ್ತಿದ್ದುದು ಗುರುಪರಂಪರೆ. ಶಿಷ್ಯನ ಯೋಗ್ಯತೆಯನ್ನು ಗುರು ಬಲ್ಲನು, ವೈದ್ಯನ ಯೋಗ್ಯತೆಯನ್ನು ಊರು ಬಲ್ಲದು. ನಗರಗಳು ಬೆಳೆದಂತೆ ರೋಗಿಗೂ ವೈದ್ಯನಿಗೂ ಪರಿಚಯವಿಲ್ಲದಾಗಿ, ಫಲಕದ ಮೇಲಿನ ಹೆಸರೇ ಆಧಾರವಾಯಿತು. ಆಗ ಹೆಸರನ್ನು ಪರೀಕ್ಷಿಸುವ ಹೊಣೆ ಸಂಸ್ಥೆಗಳ ಮೇಲೆ ಬಿತ್ತು. ಅಮೆರಿಕದಲ್ಲಿ ತಜ್ಞರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಮೊದಲ ಮಂಡಳಿ 1916ರಲ್ಲಿ ನೇತ್ರಚಿಕಿತ್ಸೆಗಾಗಿ ಸ್ಥಾಪಿತವಾಯಿತು. 1936ರಲ್ಲಿ ಆಂತರಿಕ ವೈದ್ಯಕ್ಕೂ ಅಂಥ ಮಂಡಳಿ ಬಂದಿತು. ಮುಂದೆ ಆಂತರಿಕ ವೈದ್ಯದೊಳಗೆ ಹೃದ್ರೋಗ, ಜಠರರೋಗ ಮುಂತಾದ ಉಪಶಾಖೆಗಳು ಪ್ರತ್ಯೇಕ ಮನ್ನಣೆ ಪಡೆದವು.

ಭಾರತದಲ್ಲಿ ಈ ಉಪಶಾಖೆಗಳನ್ನು 'ಸೂಪರ್ ಸ್ಪೆಷಾಲಿಟಿ' ಎಂದು ಕರೆಯುತ್ತಾರೆ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ಅಧ್ಯಯನ ಹಾಗೂ ಒಂದು ವರ್ಷದ ಇಂಟರ್ನ್‌ಶಿಪ್, ಅನಂತರ ಎಂ.ಡಿ. ಅಥವಾ ಎಂ.ಎಸ್. ಪದವಿಗೆ 3 ವರ್ಷ. ಅದರ ಮೇಲೆ ಡಿ.ಎಂ. ಅಥವಾ ಎಂ.ಸಿಎಚ್. ಪದವಿಗೆ ಸಾಮಾನ್ಯವಾಗಿ ಮತ್ತೆ 3 ವರ್ಷ. ಹೀಗೆ ಹೃದ್ರೋಗದಲ್ಲಿ ಡಿ.ಎಂ. ಪಡೆಯುವ ಹೊತ್ತಿಗೆ ಹನ್ನೊಂದೂವರೆ ವರ್ಷಗಳ ಶಿಕ್ಷಣವಾಗಿರುತ್ತದೆ. ಇಡೀ ದೇಹವನ್ನು ಅರಿತವನಿಗೆ ಮಾತ್ರ ಒಂದು ಅವಯವದ ವಿಶೇಷಾಧ್ಯಯನಕ್ಕೆ ಪ್ರವೇಶ ಎಂಬುದು ಈ ಕ್ರಮದ ತಾತ್ಪರ್ಯ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನಡತೆಯ ನಿಯಮಗಳು, ಒಂದು ಶಾಖೆಯಲ್ಲಿ ವಿಶೇಷ ಅರ್ಹತೆಯಿಲ್ಲದ ವೈದ್ಯನು ಆ ಶಾಖೆಯ ತಜ್ಞನೆಂದು ಹೇಳಿಕೊಳ್ಳುವುದನ್ನು ದುರ್ನಡತೆಗಳ ಪಟ್ಟಿಯಲ್ಲಿ ಸೇರಿಸಿದವು. 2020ರ ಸೆಪ್ಟೆಂಬರ್ 25ರಂದು ಆ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಸ್ನಾತಕೋತ್ತರ ಹಾಗೂ ಸೂಪರ್ ಸ್ಪೆಷಾಲಿಟಿ ಶಿಕ್ಷಣದ ಮಟ್ಟವನ್ನು ನಿರ್ಧರಿಸುವ ಹೊಣೆ ಅದರ ಸ್ನಾತಕೋತ್ತರ ಮಂಡಳಿಗೆ ಸೇರಿದೆ.

ಈ ನಿಯಮಗಳ ಅಂತರಂಗವು ಶ್ರಾವಕರಿಗೆ ಅಪರಿಚಿತವಲ್ಲ. ದಿಗ್ವ್ರತವನ್ನು ಕೈಗೊಂಡ ಗೃಹಸ್ಥನು ದಶದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುತ್ತಾನೆ; ಆ ಎಲ್ಲೆಯ ಆಚೆ ಅವನಿಂದ ಹಿಂಸೆ ನಡೆಯುವುದಿಲ್ಲ. ಶಾಖೆಯ ಹೆಸರೂ ವೈದ್ಯನು ಹಾಕಿಕೊಂಡ ಅಂಥದೇ ಎಲ್ಲೆ. ಅದನ್ನು ಅಲಂಕಾರವೆಂದು ಬಗೆದು, ಪಡೆಯದ ಶಿಕ್ಷಣವನ್ನು ಪಡೆದಂತೆ ತೋರಿಸಿಕೊಂಡರೆ ಮೊದಲು ಸತ್ಯಕ್ಕೆ ಭಂಗ. ಎದೆನೋವಿನಿಂದ ಬಂದ ರೋಗಿಯ ಅಮೂಲ್ಯವಾದ ಗಳಿಗೆಗಳು ಅವನ ಕೈಯಲ್ಲಿ ವ್ಯರ್ಥವಾದರೆ ಅಹಿಂಸೆಗೂ ಭಂಗ. ತನ್ನ ಶಾಖೆಯನ್ನು ಮಾತ್ರ ಕಂಡು ರೋಗಿಯನ್ನು ಸಮಗ್ರವಾಗಿ ಕಾಣದ ತಜ್ಞನಾದರೋ ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದ ಏಕಾಂತವಾದಿಯಂತೆ. ಈ ಎರಡು ದೋಷಗಳಿಗೂ ಮದ್ದು ಒಂದೇ: ತನ್ನ ಮೇರೆಯನ್ನು ಅರಿತು, ಅದು ಮುಗಿದಲ್ಲಿ ರೋಗಿಯನ್ನು ಬಲ್ಲವರ ಕೈಗೆ ಒಪ್ಪಿಸುವುದು.

ಈ ಹೊಣೆ ವೈದ್ಯರದಷ್ಟೇ ಅಲ್ಲ, ದಾನಿಗಳದೂ ಹೌದು. ಬಸದಿಯ ಹೆಸರನ್ನು ನಂಬಿ ಬಡವನು ಶಿಬಿರಕ್ಕೆ ಬರುತ್ತಾನೆ. ವೈದ್ಯರ ಪದವಿಯನ್ನು ವಿಚಾರಿಸುವ ಶಕ್ತಿ ಅವನಿಗಿಲ್ಲ, ಟ್ರಸ್ಟಿಗಿದೆ. ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಆ ವೈದ್ಯರ ನೋಂದಣಿಯಿದೆಯೆ, ಹೇಳಿಕೊಂಡ ಹೆಚ್ಚುವರಿ ಅರ್ಹತೆಯೂ ಅಲ್ಲಿ ದಾಖಲಾಗಿದೆಯೆ ಎಂಬುದನ್ನು ಪರಿಶೀಲಿಸಿದ ಬಳಿಕವೇ ಫಲಕವನ್ನು ಬರೆಯಿಸಬೇಕು. ಸಾಮಾನ್ಯ ವೈದ್ಯರಿದ್ದರೆ ಸಾಮಾನ್ಯ ವೈದ್ಯರೆಂದೇ ಬರೆಯಿಸೋಣ. ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ಅನೇಕ ರೋಗಗಳಿಗೆ ಅವರ ಚಿಕಿತ್ಸೆಯೇ ಸಾಕು, ಉಳಿದವುಗಳಿಗೆ ದಾರಿ ತೋರುವವರೂ ಅವರೇ. ಪರಿಶೀಲಿಸದೆ ಬರೆಯಿಸಿದ ಒಂದು ಹೆಸರು ಔಷಧದಾನದ ಫಲವನ್ನೇ ಕೆಡಿಸಬಲ್ಲದೆಂಬುದನ್ನು ನಾವು ಮರೆಯಬಾರದು.